ಆಚೆ ದಡದ ಕೆಮ್ಮು

ಆಚೆ ದಡದಲ್ಲಿ ಇವತ್ತು ರಾಸಿಮ್ ಇರುವುದಿಲ್ಲ ಅನ್ನುವುದು ಹಿಲ್ಮಿಯಾನಿಗೆ ಮೊದಲು ಸಮಾಧಾನವನ್ನೇ ತಂದಿತು. ಬಾಯಿಬಿಟ್ಟು ಹೇಳಿಕೊಳ್ಳುವಂಥ ಸಮಾಧಾನವಲ್ಲ. ಬಹಳ ಹೊತ್ತು ಕೂತಿದ್ದ ನೆಂಟರು ಎದ್ದು ಹೋದ ಮೇಲೆ ಖಾಲಿ ಕುರ್ಚಿಯನ್ನು ನೋಡಿದಾಗ ಆಗುತ್ತದಲ್ಲ, ಅಂಥದ್ದು. ರಾಸಿಮ್ ಪ್ಲಮ್ ಮರದ ಒಣಕೊಂಬೆ ಕಡಿಯಲು ಏಣಿ ಹತ್ತಿ, ಬಿದ್ದು, ಕಾಲು ಮುರಿದುಕೊಂಡಿದ್ದ. ಬೆಳಿಗ್ಗೆ ಬ್ರೆಡ್ಡಿನ ಅಂಗಡಿಯಲ್ಲಿ ಸುದ್ದಿ ಸಿಕ್ಕಾಗ ಎಲ್ಲರೂ ಅಯ್ಯೋ ಪಾಪ ಎಂದರು, ಇವನೂ ಎಂದ. ಅನ್ನುತ್ತಿರುವಾಗಲೇ ತನ್ನೊಳಗಿನಿಂದ ಯಾರೋ, ಹಾಗಾದರೆ ಇವತ್ತು ಸಂಜೆ ಆ ಕೆಮ್ಮಿನ ಕಾಟ ಇಲ್ಲ, ಎಂದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಪಕ್ಕದಲ್ಲಿ ನಿಂತವರಿಗೂ ಕೇಳಿಸಿತೋ ಏನೋ ಎಂದು ಅತ್ತಿತ್ತ ನೋಡಿದ. ಬಿಸಿ ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಪಕ್ಕೆ ಸುಡುತ್ತಿತ್ತು. ಬ್ರೆಡ್ಡಿನ ಬಿಸಿಯೇ ಎಂದುಕೊಂಡ.

ಗಿರಣಿಯ ಕೆಳಗೆ ಊನಾ ನದಿ ಒಂದು ಮಡುವಾಗಿ ನಿಲ್ಲುತ್ತದೆ. ಗಿರಣಿ ಕಡೆ ಹುಟ್ಟಿದವರು ಈಚೆ ದಡದಿಂದ, ಪಾಪ್ಲರ್ ತೋಪಿನ ಕಡೆ ಹುಟ್ಟಿದವರು ಆಚೆ ದಡದಿಂದ ಗಾಳ ಎಸೆಯಬೇಕು. ಸೇತುವೆ ಇದ್ದಾಗಲೂ, ಯುದ್ಧದಲ್ಲಿ ಸೇತುವೆ ಹೋದಾಗಲೂ, ಹೊಸದು ಬಂದ ಮೇಲೂ ಯಾರೂ ದಡ ಬದಲಾಯಿಸಿದವರಲ್ಲ. ಇನ್ನೊಂದು, ಸರದಿ. ಒಬ್ಬ ಎಸೆಯುತ್ತಿರುವಾಗ ಇನ್ನೊಬ್ಬ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸುಮ್ಮನೆ ನೋಡುತ್ತ ನಿಲ್ಲಬೇಕು. ಅವನು ಮೀನು ಹಿಡಿದರೆ, ಇಲ್ಲವೇ ಬಾಯಿ ಹಾಕಿದ ಮೀನನ್ನು ಕಳೆದುಕೊಂಡರೆ, ಆಗ ಸರದಿ ನೀರು ದಾಟಿ ಈಚೆ ಬರುತ್ತದೆ. ಅಪ್ಪಂದಿರ ಕಾಲದಿಂದ ಹೀಗೆ. ಹಿಲ್ಮಿಯಾ ಮತ್ತು ರಾಸಿಮ್ ಮೀಸೆ ಬರುವ ಮೊದಲೇ ಎದುರುಬದುರು ನಿಂತವರು. ಈಗ ಇಬ್ಬರ ಮೀಸೆಯೂ ಬೆಳ್ಳಗಾಗಿದೆ. ಅಷ್ಟು ವರ್ಷಗಳಲ್ಲಿ ಆಡಿದ ಮಾತಿಗಿಂತ ನೀರಿನ ಮೇಲೆ ಒಬ್ಬರ ಗಾಳವನ್ನು ಇನ್ನೊಬ್ಬರು ನೋಡಿದ್ದೇ ಹೆಚ್ಚು. ಎರಡು ಮೂರು ಬೇಸಿಗೆಯಿಂದ ಮಾತ್ರ ಈ ಕೆಮ್ಮು ಶುರುವಾಗಿದೆ. ರಾಸಿಮನ ಸರದಿಯಲ್ಲಿ ಇಲ್ಲ. ಹಿಲ್ಮಿಯಾನ ಸರದಿಯಲ್ಲಿ, ಅದೂ ಮೀನು ಬಾಯಿ ಹಾಕುವ ಹೊತ್ತಿಗೆ ಸರಿಯಾಗಿ, ಒಂದೇ ಒಂದು ಒಣಕೆಮ್ಮು. ಹೊಟ್ಟೆಕಿಚ್ಚು ಎಂದು ಹಿಲ್ಮಿಯಾ ತೀರ್ಮಾನಿಸಿದ್ದ. ಒಬ್ಬನಿಗೆ ಸಿಕ್ಕಿದ್ದು ಇನ್ನೊಬ್ಬನ ಎದೆಯಲ್ಲಿ ಮುಳ್ಳಾಗಿ ಆಡುತ್ತದೆ, ಅದು ಕೆಮ್ಮಾಗಿ ಹೊರಗೆ ಬರುತ್ತದೆ. ಹೋದ ಚಳಿಗಾಲದಲ್ಲಿ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಅಂದೇಬಿಟ್ಟ: "ಲೋ ರಾಸಿಮ್, ಆ ಕೆಮ್ಮನ್ನ ಡಾಕ್ಟರ ಹತ್ರ ತಗೊಂಡು ಹೋಗೋ. ಇಲ್ಲಾಂದ್ರೆ ಸಾಯೋದಾದ್ರೆ ಬೇರೆ ಕಡೆ ಸಾಯಿ. ನನ್ನ ಮೀನು ಹೆದರ್ತವೆ." ಒಲೆಯ ಸುತ್ತ ಕೂತವರೆಲ್ಲ ನಕ್ಕರು. ರಾಸಿಮನೂ ನಕ್ಕು, ಸಿಗರೇಟಿನ ಬೂದಿ ಕೊಡವಿ, "ನನ್ನ ಕೆಮ್ಮಿಗೆ ನಿನ್ನ ಮೀನು ಹೆದರಲ್ಲ ಕಣೋ. ನಿನ್ನ ಮೂತಿಗೆ ಹೆದರ್ತವೆ" ಎಂದಿದ್ದ.

ಮಧ್ಯಾಹ್ನ ಊಟವಾದ ಮೇಲೆ ಅವನು ಕಿಟಕಿಯ ಹತ್ತಿರ ಕೂತು, ಮೀನು ನಿಜವೆಂದು ಮೋಸಹೋಗುವಂಥ ಹುಸಿ ನೊಣ ಕಟ್ಟಿದ. ಮೇಜಿನ ಅಂಚಿಗೆ ಬಿಗಿದ ಪುಟ್ಟ ಇಕ್ಕಳದಲ್ಲಿ ಗಾಳದ ಮುಳ್ಳು. ಮೊದಲು ದಾರದ ಸುತ್ತು, ಅದರ ಮೇಲೆ ಮೊಲದ ಕಿವಿಯ ತುಪ್ಪಳವನ್ನು ಬೆರಳಲ್ಲಿ ಹೊಸೆದು ಮೈ. ಅದರ ಮೇಲೆ ಬಾತುಕೋಳಿಯ ಬಾಲದ ಬುಡದಲ್ಲಿ, ಎಣ್ಣೆಯ ಗಂಟಿನ ಸುತ್ತ ಬೆಳೆಯುವ ಹೊಗೆಯಂಥ ಮೆತ್ತನೆ ಗರಿ. ಬಾತು ತನ್ನ ಮೈಗೆಲ್ಲ ಹಚ್ಚಿಕೊಳ್ಳುವ ಎಣ್ಣೆ ಆ ಗರಿಯಲ್ಲಿ ತಾನಾಗಿ ನಿಂತಿರುತ್ತದೆ. ನೀರು ಅದನ್ನು ಮುಳುಗಿಸುವುದಿಲ್ಲ. ಕೊನೆಗೆ ಕಾಡುಜಿಂಕೆಯ ಟೊಳ್ಳು ಕೂದಲು ಒಂದು ಚಿಟಿಕೆ, ಹಿಂದಕ್ಕೆ ಒರಗಿ, ಮನೆಯ ಮಾಡಿನ ಹಾಗೆ ಎರಡು ಕಡೆ ಇಳಿಜಾರು. ಗೂಡುನೊಣ ಕೂರುವುದೇ ಹಾಗೆ. ಹುಳುವಾಗಿದ್ದಾಗ ನದಿಯ ತಳದಲ್ಲಿ ಮರಳು, ಕಡ್ಡಿ ಅಂಟಿಸಿಕೊಂಡು ತನ್ನ ಗೂಡನ್ನು ತಾನೇ ಕಟ್ಟಿ ಎಳೆದಾಡುತ್ತದೆ. ರೆಕ್ಕೆ ಬಂದ ಮೇಲೆ ಆ ಗೂಡನ್ನು ಬಿಟ್ಟು ಮೇಲೆ ಬಂದರೂ ಬೆನ್ನ ಮೇಲೆ ಒಂದು ಮಾಡನ್ನು ಹೊತ್ತುಕೊಂಡೇ ಕೂರುತ್ತದೆ. ಹಿಲ್ಮಿಯಾನಿಗೆ ಈ ಕೆಲಸಕ್ಕೆ ಕಣ್ಣು ಬೇಡ. ಬೆರಳುಗಳು ಕತ್ತಲಲ್ಲೂ ಕಟ್ಟುತ್ತವೆ. ಹಾಗೆ ಅವನು ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವಾಗ, ಬೇಡ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ಇರುವ ದೂರವನ್ನು ಅವನು ಅಳೆಯಲು ಹೋಗುತ್ತಿರಲಿಲ್ಲ. ನೊಣಗಳಿಗೆ ಮನೆಯಲ್ಲೇ, ಹಗಲಿನಲ್ಲೇ, ತುದಿಯ ಸಣ್ಣ ದಾರ ಪೋಣಿಸಿಟ್ಟುಕೊಂಡು ಹೋಗುವ ಅಭ್ಯಾಸವನ್ನೂ ಇತ್ತೀಚೆಗೆ ಮಾಡಿಕೊಂಡಿದ್ದ. ನದಿಯಲ್ಲಿ ಹೊತ್ತು ಉಳಿಯುತ್ತದೆ ಎಂದು ಹೆಂಡತಿ ಜುಮ್ರಾಗೆ ಹೇಳಿದ್ದ. ಅವಳು ಸುಮ್ಮನೆ ತಲೆಯಾಡಿಸಿ, ಪಕ್ಕದ ದೀಪ ಹಚ್ಚಿ ಹೋಗಿದ್ದಳು. ಹಗಲಲ್ಲಿ ದೀಪ.

ಸೂರ್ಯ ಗುಡ್ಡದ ಹಿಂದೆ ಇಳಿದಾಗ ಅವನು ಮೊಣಕಾಲುದ್ದದ ನೀರಿನಲ್ಲಿದ್ದ. ಮಡುವಿನ ಮೇಲೆ ಗೂಡುನೊಣಗಳು ಎದ್ದಿದ್ದವು. ಕೆಲವು ನೀರನ್ನು ಮುಟ್ಟಿ ಮುಟ್ಟಿ ಓಡುತ್ತಿದ್ದವು, ಕೆಲವು ಅವನ ಕತ್ತಿನ ಮೇಲೆ ಹರಿದಾಡಿದವು. ಮೀನುಗಳು ಬಾಯಿ ಹಾಕುವ ಚಪ್ ಚಪ್ ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು. ಆಚೆ ದಡದಲ್ಲಿ ಪಾಪ್ಲರ್ ಬುಡದ ಕಲ್ಲು ಖಾಲಿ. ಎಂಥ ನೆಮ್ಮದಿ, ಎಂದುಕೊಂಡ. ಇಡೀ ಮಡು ತನ್ನದು, ಸರದಿಯೂ ಇಲ್ಲ. ಎಸೆದ. ದಾರ ಬಿಚ್ಚಿಕೊಂಡು ಹೋದದ್ದು ಕೈಗೆ ತಿಳಿಯಿತು, ನೊಣ ಎಲ್ಲಿ ಇಳಿಯಿತು ಎಂಬುದೂ ತಿಳಿಯಿತು, ಅಲ್ಲೇ ಎಲ್ಲೋ. ಕಪ್ಪು ನೀರು ಕಂದು ನೊಣವನ್ನು ತನ್ನೊಳಗೆ ಸೇರಿಸಿಕೊಂಡಿತು. ಒಂದು ಉಂಗುರ ಎದ್ದಿತು, ಕೋಲು ಎತ್ತಿದ; ಖಾಲಿ. ಇನ್ನೊಂದು ಉಂಗುರ, ಎತ್ತಿದ. ಅದು ತನ್ನ ನೊಣದಿಂದ ಒಂದು ಮಾರು ದೂರದಲ್ಲಿತ್ತು ಎಂದು ದಾರ ಬಂದ ದಿಕ್ಕಿನಿಂದ ಗೊತ್ತಾಯಿತು. ಮತ್ತೆ ಎಸೆದ, ಕಾದ. ಇಷ್ಟು ಮೌನ ಈ ಮಡುವಿನಲ್ಲಿ ಯಾವತ್ತಾದರೂ ಇತ್ತೇ? ನೀರು ಸದ್ದು ಮಾಡುತ್ತಲೇ ಇತ್ತು, ಮೀನೂ, ಆದರೂ ಏನೋ ಒಂದು ಬರಬೇಕಾಗಿದ್ದದ್ದು ಬಾರದೆ ಕಿವಿ ಬರಿದಾಗಿ ನಿಂತಿತ್ತು. ಸಾಕೆಂದು ದಾರವನ್ನು ಹಿಂದಕ್ಕೆ ಎಳೆಯಲು ಹೋದಾಗ ತುದಿಯಲ್ಲಿ ಒಂದು ಭಾರ, ಜೀವದ ಭಾರ, ಮಗ್ಗುಲು ಹೊರಳಿದ ಹಾಗೆ ಒಮ್ಮೆ ಅಲ್ಲಾಡಿ, ತಟ್ಟನೆ ಇಲ್ಲವಾಯಿತು. ದಾರ ತುಂಡಾಗಿ ನೊಣವೂ ಹೋಗಿತ್ತು. ಅದು ಯಾವಾಗ ಬಾಯಿ ಹಾಕಿತ್ತು? ಎಷ್ಟು ಹೊತ್ತಿನಿಂದ ಅವನ ನೊಣ ಕಚ್ಚಿಕೊಂಡು, ಇವನು ಏನು ಮಾಡುತ್ತಾನೆ ನೋಡೋಣ ಎಂದು ಅಲ್ಲೇ ನಿಂತಿತ್ತು? ಹಿಲ್ಮಿಯಾ ನೀರಿನಿಂದ ಮೇಲೆ ಬಂದ. ಯಾರೂ ನೋಡಿರಲಿಲ್ಲ. ಆದರೂ ಖಾಲಿ ಕಲ್ಲಿನ ಕಡೆ ನೋಡಿ ಮುಖ ತಿರುಗಿಸಿಕೊಂಡ.

ಮನೆಗೆ ಬರುವಷ್ಟರಲ್ಲಿ ತಪ್ಪು ಯಾರದೆಂದು ಅವನು ಕಂಡುಹಿಡಿದಿದ್ದ. ಬಾಗಿಲಲ್ಲೇ ಬೂಟು ಕಳಚುತ್ತ ಕೂಗಿದ: "ಬಾತುಕೋಳೀನ ಬಿಸಿನೀರಲ್ಲಿ ಅದ್ದಿ ಪುಕ್ಕ ಕಿತ್ತಿದ್ದೀಯ ನೀನು."

ಜುಮ್ರಾ ಒಲೆಯ ಮುಂದೆ ಹಿಟ್ಟನ್ನು ತೆಳ್ಳನೆ ಹಾಳೆಯಾಗಿ ಎಳೆದು ಬಿಡಿಸುತ್ತಿದ್ದಳು. "ಏನಂದೆ?"

"ಬಿಸಿನೀರು. ಎಣ್ಣೆಯೆಲ್ಲ ಹೋಯ್ತು. ನೊಣ ಬಿದ್ದ ತಕ್ಷಣ ಮುಳುಗ್ತಿದೆ, ಕಣ್ಣಿಗೇ ಬೀಳಲ್ಲ. ಎಷ್ಟು ಸಲ ಹೇಳಿದ್ದೀನಿ, ಒಣದಾಗಿ ಕೀಳು ಅಂತ?"

"ಮದುವೆಯಾಗಿ ಬಂದಾಗಿನಿಂದ ಒಣದಾಗೇ ಕಿತ್ತಿದ್ದೀನಿ. ನಿನ್ನ ದೆಸೆಯಿಂದ ನನ್ನ ಉಗುರಿನ ಸಂದಿ ನೋಡು." ಅವಳು ಹಿಟ್ಟು ಮೆತ್ತಿದ ಕೈ ಮುಂದೆ ಚಾಚಿದಳು. "ಊರಿನ ಹೆಂಗಸರೆಲ್ಲ ಬಿಸಿನೀರು ಸುರಿದು ಒಂದು ನಿಮಿಷದಲ್ಲಿ ಕಿತ್ತು ಎಸೀತಾರೆ. ನಾನೊಬ್ಬಳು ಹುಚ್ಚಿ, ಕೊಟ್ಟಿಗೇಲಿ ಕೂತು ಒಂದೊಂದೇ ಕೀಳ್ತೀನಿ."

"ಹಾಗಾದ್ರೆ ಯಾಕೆ ಮುಳುಗುತ್ತೆ?"

ಅವಳು ಕೈ ಒರೆಸಿಕೊಂಡು, ಕಿಟಕಿಯ ಹತ್ತಿರ ಅವನು ಕಟ್ಟಿಟ್ಟಿದ್ದ ನೊಣಗಳಲ್ಲಿ ಒಂದನ್ನು ಚಿಮುಟಿ ತೆಗೆದು, ಒಂದು ಬೋಗುಣಿಗೆ ನೀರು ಹಾಕಿ ಅದರಲ್ಲಿ ಬಿಟ್ಟಳು. ನೊಣ ಕುಪ್ಪಳಿಸಿ ಕೂತಿತು. ಬೆರಳಿಂದ ಒತ್ತಿ ಮುಳುಗಿಸಿದಳು. ಬೆರಳು ತೆಗೆದ ಕೂಡಲೇ ಪುಟಿದು ಮೇಲೆ ಬಂತು. "ಇಲ್ಲೇ ಇರಲಿ ಇದು. ಮುಳುಗಿದಾಗ ನನ್ನನ್ನ ಕೂಗು," ಎಂದು ಮತ್ತೆ ಹಿಟ್ಟಿನ ಕಡೆ ಹೋದಳು. ಊಟ ಮಾಡುವಾಗ ಇಬ್ಬರ ನಡುವೆ ಆ ಬೋಗುಣಿ ಇತ್ತು. ಅವನು ಅದರ ಕಡೆ ನೋಡದೆ ಉಂಡ. ಬೆಳಿಗ್ಗೆ ಎದ್ದು ಬಂದಾಗಲೂ ನೊಣ ಬೋಗುಣಿಯ ಅಂಚಿಗೆ ಒರಗಿ, ಮಾಡು ಕೊಂಚವೂ ನೆನೆಯದೆ ತೇಲುತ್ತಿತ್ತು. ಅದು ಅವನನ್ನು ನೋಡುತ್ತಿರುವ ಹಾಗಿತ್ತು. ಅವನು ನೀರು ಚೆಲ್ಲಿ, ನೊಣವನ್ನು ಟೋಪಿಗೆ ಚುಚ್ಚಿಕೊಂಡು, ಒಂದು ಪೊಟ್ಟಣ ಕಾಫಿ, ಒಂದು ಪೊಟ್ಟಣ ಸಕ್ಕರೆ ಹಿಡಿದು ಸೇತುವೆ ದಾಟಿ ರಾಸಿಮನನ್ನು ನೋಡಲು ಹೋದ. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗಬಾರದು.

ರಾಸಿಮ್ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಪಟ್ಟಿ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ರಾಜನ ಹಾಗೆ ಕೂತಿದ್ದ. "ಬಾರೋ ಬಾ. ಕಾಲು ಮುರಿದ ಮೇಲಾದ್ರೂ ಆಚೆ ದಡದವರು ನೆನಪಾದ್ರಲ್ಲ."

"ನಿನ್ನ ನೋಡೋಕೆ ಬರಲಿಲ್ಲ. ಪ್ಲಮ್ ಮರಕ್ಕೆ ಏನೂ ಆಗಿಲ್ವಲ್ಲ ಅಂತ ಕೇಳೋಣ ಅಂತ ಬಂದೆ."

ರಾಸಿಮನ ಹೆಂಡತಿ ದೇವ್ಲೆತಾ ನಗುತ್ತ ತಾಮ್ರದ ಗಿಂಡಿಯಲ್ಲಿ ಕಾಫಿ ತಂದು ಸಣ್ಣ ಬಟ್ಟಲುಗಳಿಗೆ ಬಗ್ಗಿಸಿದಳು. ರಾಸಿಮ್ ಸಕ್ಕರೆ ತುಂಡನ್ನು ಕಾಫಿಯಲ್ಲಿ ಅದ್ದಿ ಕಡಿದು ಒಂದು ಸಿಗರೇಟು ಹಚ್ಚಿದ. ಅದರ ತುದಿಯಿಂದ ಇನ್ನೊಂದನ್ನು ಹಚ್ಚಿದ. ಹಿಲ್ಮಿಯಾ ಏಣಿಯ ಕಥೆ ಕೇಳುತ್ತಿದ್ದ, ತಲೆಯಾಡಿಸುತ್ತಿದ್ದ, ಆದರೆ ಅವನು ಕಾಯುತ್ತಿದ್ದದ್ದು ಬೇರೆಯದಕ್ಕೆ. ಹೊಗೆ ಗಂಟಲಿಗೆ ಇಳಿಯಿತು, ಹೊರಗೆ ಬಂತು. ರಾಸಿಮ್ ಜೋರಾಗಿ ನಕ್ಕ, ಮಾತಾಡಿದ, ಕಾಫಿಯ ಗಸಿ ಬಾಯಿಗೆ ಸಿಕ್ಕಿ ಉಗುಳಿದ. ಕೆಮ್ಮು? ಇಲ್ಲ.

"ಕೆಮ್ಮು ವಾಸಿಯಾಯ್ತೇನೋ?" ಎಂದು ಕೇಳಿಯೇಬಿಟ್ಟ.

ರಾಸಿಮ್ ಉತ್ತರ ಕೊಡುವ ಮೊದಲೇ ದೇವ್ಲೆತಾ, "ಯಾವ ಕೆಮ್ಮು ಅಣ್ಣಾ? ಇವರಿಗೆಲ್ಲಿಯ ಕೆಮ್ಮು!" ಎಂದಳು. "ಮೊನ್ನೆ ಆಸ್ಪತ್ರೇಲಿ ಎದೆ ಫೋಟೋ ತೆಗೆದ ಡಾಕ್ಟರೇ ಕೇಳಿದ್ರು, ಅಜ್ಜ ನೀವು ನಿಜವಾಗ್ಲೂ ಸಿಗರೇಟು ಸೇದ್ತೀರಾ ಅಂತ. ಈ ಮನುಷ್ಯ ಇಷ್ಟು ವರ್ಷ ನನ್ನ ಪರದೆಯೆಲ್ಲ ಹಳದಿ ಮಾಡಿದ್ದಾರೆ, ಒಂದು ದಿನ ಕೆಮ್ಮಿದ್ದು ಕೇಳಿಲ್ಲ ನಾನು."

"ನೀನು ಒಳಗೆ ಹೋಗು, ಕಾಫಿ ತಣ್ಣಗಾಯ್ತು," ಎಂದ ರಾಸಿಮ್. ಅವನು ಹಿಲ್ಮಿಯಾನ ಕಡೆ ನೋಡದೆ ಪಟ್ಟಿಯ ಅಂಚಿನಿಂದ ಒಂದು ನೂಲನ್ನು ಎಳೆಯುತ್ತಿದ್ದ. "ನಿನ್ನೆ ಹೋಗಿದ್ಯಾ?" ಎಂದು ಕೇಳಿದ.

"ಹೋಗಿದ್ದೆ."

"ಏನಾದ್ರೂ ಬಿತ್ತಾ?"

"ಬಿತ್ತು," ಎಂದ ಹಿಲ್ಮಿಯಾ.

"ಒಳ್ಳೇದಾಯ್ತು." ರಾಸಿಮ್ ನೂಲನ್ನು ಕಿತ್ತು ಬೆರಳಿಗೆ ಸುತ್ತಿಕೊಂಡ. "ಆದ್ರೂ ಒಂದಿಷ್ಟು ದಿನ ತಡಿಯೋ. ಒಬ್ಬನೇ ನೀರಿಗಿಳೀಬೇಡ. ನನ್ನನ್ನ ಕುರ್ಚಿ ಸಮೇತ ಎತ್ಕೊಂಡು ಹೋಗಿ ಕಲ್ಲಿನ ಹತ್ರ ಇಟ್ಟುಬಿಡಿ ಅಂತ ಅಳಿಯನಿಗೆ ಹೇಳಿದ್ದೀನಿ. ಎಸೆಯೋಕಾಗಲ್ಲ ನಂಗೆ. ಸುಮ್ಮನೆ ಕೂತಿರ್ತೀನಿ."

ಸೇತುವೆಯ ನಡುವೆ ಬಂದು ಹಿಲ್ಮಿಯಾ ಕಂಬಿ ಹಿಡಿದು ನಿಂತ. ಕೆಳಗೆ ಮಡು, ಹಗಲಿನ ಹಸಿರು. ಮೊದಲು ಬಂದದ್ದು ಸಿಟ್ಟು. ಮೀನು ಬಾಯಿ ಹಾಕಿದ್ದನ್ನು ಕೆಮ್ಮಿ ತಿಳಿಸು ಎಂದು ಯಾರು ಕೇಳಿದ್ದರು ಇವನನ್ನು? ಮೂರು ಬೇಸಿಗೆ. ಆ ಮೀನುಗಳನ್ನೆಲ್ಲ ಹಿಡಿದವರು ಯಾರು ಹಾಗಾದರೆ? ತುರಚಿ ಎಲೆಯಲ್ಲಿ ಸುತ್ತಿ ನೆರೆಯವರ ಬಾಗಿಲಿಗೆ ಕೊಟ್ಟು, "ಈ ವಯಸ್ಸಲ್ಲೂ ಹಿಲ್ಮಿಯಾನ ಕಣ್ಣು ನೋಡಿ" ಎಂದು ಅವರಿಂದ ಅನ್ನಿಸಿಕೊಂಡು, ಬೇಡ ಬೇಡ ಎನ್ನುತ್ತ ಹಿಗ್ಗಿದ ಆ ಮೀನುಗಳು. ಕೆಮ್ಮು ಬಂದಾಗ ಕೈ ತಾನಾಗಿ ಎದ್ದಿತ್ತು. ಕೈಯನ್ನು ಅವನು ನಂಬಿದ್ದ, ಕಿವಿಯನ್ನು ಬೈದಿದ್ದ. ನೀರಲ್ಲಿ ಮೊಣಕಾಲುದ್ದ ನಿಂತ ಮುದುಕ, ಆಚೆ ದಡದಿಂದ ಅವನನ್ನು ದಾರ ಕಟ್ಟಿ ಆಡಿಸಿದ ಹಾಗೆ. ಇಡೀ ಊರಿಗೆ ಗೊತ್ತಿದೆಯೋ ಏನೋ. ಕಾಫಿ ಅಂಗಡಿಯಲ್ಲಿ ನಕ್ಕವರು ಯಾವುದಕ್ಕೆ ನಕ್ಕಿದ್ದರು? ಆ ನಗು ನೆನಪಾದಾಗ ಅದರ ಹಿಂದಿನಿಂದ ಇನ್ನೊಂದು ಹಳೆಯ ನಗು ಎದ್ದು ಬಂತು, ಅದೇ ಒಲೆ, ಅದೇ ಬೆಂಚು. ರಾಸಿಮನ ಕಣ್ಣಿಗೆ ಪೊರೆ ಬಂದಿದ್ದ ವರ್ಷ. ಕತ್ತಲಾದ ಮೇಲೆ ತನ್ನ ನೊಣ ತನಗೆ ಕಾಣಲೆಂದು ಅವನು ಗೂಡುನೊಣದ ಬೆನ್ನ ಮೇಲೆ ಒಂದು ಚೂರು ಬಿಳಿ ಉಣ್ಣೆ ಕಟ್ಟಿಕೊಂಡಿದ್ದ. ಹಿಲ್ಮಿಯಾ ಅದನ್ನು ಅವನ ಟೋಪಿಯಿಂದ ಕಿತ್ತು, ಬೆರಳ ತುದಿಯಲ್ಲಿ ಹಿಡಿದು, ಮೇಜಿನಿಂದ ಮೇಜಿಗೆ ತೋರಿಸಿದ್ದ: "ನೋಡ್ರಪ್ಪಾ, ಗೂಡುನೊಣಕ್ಕೆ ಮದುವೆಯಂತೆ. ಮುಸುಕು ಹಾಕ್ಕೊಂಡು ಬಂದಿದ್ದಾಳೆ ಮದುಮಗಳು." ರಾಸಿಮ್ ಆಗಲೂ ನಕ್ಕಿದ್ದ. ಮಾರನೆಯ ಸಂಜೆ ಬಿಳಿ ಇರಲಿಲ್ಲ. ಆ ಬೇಸಿಗೆಯೆಲ್ಲ ಅವನು ತನಗೆ ಕಾಣದ ನೊಣವನ್ನು ಎಸೆಯುತ್ತ ನಿಂತ. ಕಾಣುತ್ತಿದ್ದದ್ದು ಹಿಲ್ಮಿಯಾನಿಗೆ. ಮೀನು ಮೂತಿ ಎತ್ತಿ ರಾಸಿಮನ ನೊಣವನ್ನು ನುಂಗಿದ್ದು, ಮುಳ್ಳು ಎಂದು ತಿಳಿದು ಉಗುಳಿದ್ದು, ರಾಸಿಮ್ ಇನ್ನೂ ಬೇರೆ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದದ್ದು, ಎಲ್ಲ. ಕಳೆದುಕೊಂಡರೆ ಸರದಿ ಈಚೆ ಬರುತ್ತದೆ. ಆ ಬೇಸಿಗೆ ಸರದಿ ಬೇಗ ಬೇಗ ಬರುತ್ತಿತ್ತು. ಚಳಿ ಶುರುವಾದಾಗ ರಾಸಿಮ್ ಪೇಟೆಗೆ ಹೋಗಿ ಪೊರೆ ತೆಗೆಸಿಕೊಂಡು ಬಂದ. ಆ ವಿಷಯ ಇಬ್ಬರೂ ಎತ್ತಲಿಲ್ಲ. ಒಂದು ಕೆಮ್ಮಿಗೆ ಎಷ್ಟು ಉಸಿರು ಬೇಕು? ಕಂಬಿ ಹಿಡಿದು ನಿಂತವನು ಒಮ್ಮೆ ಕೆಮ್ಮಿ ನೋಡಿದ. ಕೆಳಗೆ ನೀರಿನಲ್ಲಿ ಏನೂ ಆಗಲಿಲ್ಲ.

ಆಮೇಲೆ ಒಂದಿಷ್ಟು ದಿನ ಅವನು ನದಿಗೆ ಹೋಗಲಿಲ್ಲ. ಕೋಲನ್ನು ಒರೆಸಿ ಗೋಡೆಗೆ ಒರಗಿಸಿದ್ದ. ಇನ್ನು ಹೋಗುವುದೇ ಇಲ್ಲ ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು. ಸಂಜೆ ಗೂಡುನೊಣಗಳು ಕಿಟಕಿಯ ಗಾಜಿಗೆ ಬಂದು ಕೂತಾಗ ಅವುಗಳ ಹೊಟ್ಟೆಯ ಬಣ್ಣ ನೋಡಲು ಮುಖವನ್ನು ಗಾಜಿಗೆ ಒತ್ತುತ್ತಿದ್ದ. ಹೋಗದೆ ಇದ್ದರೆ ಅವನು ಗಿರಣಿಯ ಬದಿಯ ಒಬ್ಬ ಮುದುಕ, ಅಷ್ಟೇ. ಹೋದರೆ, ಆಚೆ ಕುರ್ಚಿಯಲ್ಲಿ ಕೂತ ಕಣ್ಣುಗಳಿಗೆ ಏನು ಹೇಳುವುದು? ಕೆಮ್ಮಬೇಡ ಎನ್ನುವುದೇ? ಕೆಮ್ಮು ಎನ್ನುವುದೇ? ರಾಸಿಮನನ್ನು ಅಳಿಯ ನದಿಯ ಹತ್ತಿರ ಹೊತ್ತು ತಂದ ಸುದ್ದಿ ಬಂದ ದಿನ ಮಧ್ಯಾಹ್ನ ಅವನು ಇಕ್ಕಳದ ಮುಂದೆ ಕೂತ. ಮೊಲದ ತುಪ್ಪಳ, ಬಾತಿನ ಗರಿ, ಜಿಂಕೆಯ ಮಾಡು. ಎಲ್ಲ ಮುಗಿದ ಮೇಲೆ ಜುಮ್ರಾಳ ಹೆಣಿಗೆಯ ಬುಟ್ಟಿಗೆ ಕೈ ಹಾಕಿ ಬಿಳಿ ಉಣ್ಣೆಯ ಒಂದು ತುದಿ ಕತ್ತರಿಸಿದ. ಅದನ್ನು ಮಾಡಿನ ಮೇಲೆ ನಿಲ್ಲಿಸಿ ದಾರ ಸುತ್ತುವಾಗ, ಇಷ್ಟು ವರ್ಷ ಕತ್ತಲಲ್ಲೂ ತಪ್ಪದ ಬೆರಳುಗಳು ಎರಡು ಸಲ ಜಾರಿದವು.

"ಮೊಮ್ಮಗುವಿನ ಟೋಪಿ ಉಣ್ಣೆ ಅದು," ಎಂದಳು ಜುಮ್ರಾ ಹಿಂದಿನಿಂದ.

"ಒಂದು ಚೂರು ತಗೊಂಡೆ."

ಅವಳು ಬಗ್ಗಿ ನೋಡಿದಳು. ನೊಣವನ್ನಲ್ಲ, ಅವನ ಮುಖವನ್ನು. "ಸೋಮವಾರ ಪೇಟೆಗೆ ಬಸ್ಸಿದೆ. ಕಣ್ಣಿನ ಡಾಕ್ಟರು ಇರ್ತಾರಂತೆ," ಎಂದಳು. ಅವನು ದಾರದ ತುದಿ ಕತ್ತರಿಸಿದ. ಅವಳು ದೀಪ ಹಚ್ಚಿಟ್ಟು ಹೋದಳು.

ಸಂಜೆ ಗುಡ್ಡದ ನೆರಳು ಮಡುವಿನ ಮೇಲೆ ಬಿದ್ದಾಗ ಹಿಲ್ಮಿಯಾ ನೀರಿಗಿಳಿದ. ಆಚೆ ಪಾಪ್ಲರ್ ಬುಡದಲ್ಲಿ ಅಡುಗೆಮನೆಯ ಕುರ್ಚಿ, ಅದರಲ್ಲಿ ರಾಸಿಮ್, ಬಿಳಿ ಪಟ್ಟಿಯ ಕಾಲು ಕಲ್ಲಿನ ಮೇಲೆ. ಇಬ್ಬರೂ ಕೈ ಎತ್ತಿದರು. ಹಿಲ್ಮಿಯಾ ಎಸೆದ. ದಾರ ಬಿಚ್ಚಿಕೊಂಡಿತು. ಕಪ್ಪು ನೀರಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಇಳಿದು ಕೂತಿತು. ಕಂಡಿತು. ಎಷ್ಟೋ ಕಾಲದ ಮೇಲೆ, ಎಲ್ಲಿ ಕೈ ಹೇಳಿತೋ ಅಲ್ಲೇ, ಅವನದೇ ನೊಣ ಅವನ ಕಣ್ಣಿಗೆ ಕಂಡಿತು. ಅದು ಮಡುವಿನ ನಡುವೆ ಮೆಲ್ಲಗೆ ಸಾಗಿ ಬರುವಾಗ, ಕುರ್ಚಿಯ ಮುಂದೆ ಹಾದುಹೋಗುವಾಗ, ಆಚೆಯಿಂದ ಏನೂ ಸದ್ದಿಲ್ಲ. ಆಮೇಲೆ:

"ಲೋ ಹಿಲ್ಮಿಯಾ, ಯಾರ ಮದುವೆಯೋ?"

"ನನ್ನದೇ ಕಣೋ," ಎಂದು ಕೂಗಿದ. ದನಿ ಅವನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ನಿಧಾನವಾಗಿ ಬುದ್ಧಿ ಬಂತು."

"ಬಹಳ ನಿಧಾನ," ಎಂದ ರಾಸಿಮ್. ನಕ್ಕನೋ ಇಲ್ಲವೋ, ನೀರಿನ ಸದ್ದಿನಲ್ಲಿ ತಿಳಿಯಲಿಲ್ಲ. ಕಡ್ಡಿ ಗೀರಿದ ಬೆಂಕಿ ಒಮ್ಮೆ ಮಿನುಗಿತು.

ಮತ್ತೆ ಎಸೆದ. ಬಿಳಿ ಚುಕ್ಕೆ ಪಾಪ್ಲರ್ ಬೇರಿನ ಹತ್ತಿರ, ಹಳೆಯ ಟ್ರೌಟ್ ಮೀನು ವಾಸವಾಗಿರುವ ಕಡೆ, ತೇಲಿ ಬಂತು. ನೀರು ಅಲ್ಲಿ ಒಂದು ಸಲ ಉಬ್ಬಿತು. ಒಂದು ಮೂತಿ, ಆತುರವಿಲ್ಲದೆ ಮೇಲೆ ಬಂದು, ಬಿಳಿಯ ಸಮೇತ ನೊಣವನ್ನು ಒಳಗೆ ತೆಗೆದುಕೊಂಡಿತು. ಹಿಲ್ಮಿಯಾ ಎಲ್ಲವನ್ನೂ ನೋಡಿದ. ಉಂಗುರ ಅಗಲವಾಗುತ್ತ ಹೋದದ್ದನ್ನೂ ನೋಡಿದ. ಕೋಲು ಅವನ ಕೈಯಲ್ಲಿತ್ತು, ಕಿವಿ ಆಚೆ ದಡದಲ್ಲಿತ್ತು. ಮೀನು ಉಗುಳಿದ ಬಿಳಿ ಚುಕ್ಕೆ ಹರಿವಿನಲ್ಲಿ ಒಂದು ಗೇಣು ಮುಂದೆ ಮತ್ತೆ ಮೇಲೆದ್ದು, ಕೊಂಚ ಓರೆಯಾಗಿ, ತನ್ನ ಪಾಡಿಗೆ ತೇಲಿಹೋಯಿತು.

"ಯಾಕೋ?" ಎಂದ ರಾಸಿಮ್ ಕುರ್ಚಿಯಲ್ಲಿ ಮುಂದೆ ಬಾಗಿ. "ಕಾಣಲಿಲ್ವಾ?"

"ಕಾಣ್ತು."

"ಮತ್ತೆ?"

"ನೀನು ಕೆಮ್ಮಲಿಲ್ಲ."